ದುಖಾನ್ ಬಸ್ಸಿನ ಡಕ್ಕುಗಳು

ನಮ್ಮ ಕಂಪನಿ ಬಸ್ಸಿಗೆ ದೊಡ್ಡ ಮ್ಯಾನೇಜರೇ ಹತ್ತಲಿ, ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವನೇ ಹತ್ತಲಿ, ಡ್ರೈವರ್ ತನಿಯ ಅವರ ಬಾಯಲ್ಲಿ ಬಾತುಕೋಳಿ ಅನ್ನಿಸಿಕೊಂಡೇ ಒಳಗೆ ಬರಬೇಕು. "ಐ ಅಪ್, ಮಿ ಡಕ್!" ಎನ್ನುತ್ತಾರೆ, ಬಾಯಿ ತುಂಬ ನಗುತ್ತಾರೆ, ಬಾಗಿಲು ಮುಚ್ಚುತ್ತಾರೆ. ಅಲ್ ರಯ್ಯಾನಿನಿಂದ ದುಖಾನಿಗೆ ಮರಳುಗಾಡಿನಲ್ಲಿ ದಿನಾ ಹೋಗಿಬರುವ ನಮಗೆ ಬೆಳಗಿನ ಮೊದಲ ಮಾತು ಅದೇ.

ತನಿಯ ವಿಟ್ಲದ ಕಡೆಯವರು. ಇಂಗ್ಲಿಷನ್ನು ಅವರು ಶಾಲೆಯಲ್ಲಿ ಕಲಿತವರಲ್ಲ. ಕತಾರಿಗೆ ಬಂದ ಹೊಸದರಲ್ಲಿ ಕ್ಲಿಫ್ ಎಂಬ ಎಂಜಿನಿಯರಿಗೆ ಕಾರು ಓಡಿಸುತ್ತಿದ್ದರು. ಕ್ಲಿಫ್ ಇಂಗ್ಲೆಂಡಿನ ಡರ್ಬಿ ಕಡೆಯ ಮನುಷ್ಯ. ಅಲ್ಲಿ ಅಜ್ಜಿ, ಪೊಲೀಸು, ಡಾಕ್ಟರು, ಹಾಲಿನವನು ಎಲ್ಲರೂ ಒಬ್ಬರಿಗೊಬ್ಬರು ಡಕ್ಕೇ ಅಂತೆ. ನಮ್ಮ ಕಡೆ ಪ್ರೀತಿಗೆ 'ಮಗಾ' ಎನ್ನುವ ಹಾಗೆ. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಮಾತಾಡಿದ ಆ ಮನುಷ್ಯನ ಇಂಗ್ಲಿಷು ಹಾಗೇ ಇವರ ನಾಲಗೆಗೆ ಇಳಿಯಿತು. ಏನೂ ಇಲ್ಲ ಎನ್ನಲು 'ನೌಟ್', ಥ್ಯಾಂಕ್ಸಿಗೆ 'ಟಾ'. ದೂರದಲ್ಲಿ ಮೋಡ ಕಪ್ಪಾದರೆ "ಬಿಲ್ಲನ ಅಮ್ಮನ ಮನೆ ಕಡೆ ಕಪ್ಪಾಗಿದೆ" ಎಂದು ಇಂಗ್ಲಿಷಿನಲ್ಲಿ ಘೋಷಿಸುತ್ತಾರೆ. ಬಿಲ್ ಯಾರು ಎಂದು ಒಮ್ಮೆ ಕೇಳಿದೆ.

"ನನಗೂ ಗೊತ್ತಿಲ್ಲ ಮಾರಾಯ್ರೆ. ಪಾಪ, ಅವನ ಅಮ್ಮನಿಗೆ ಮಾತ್ರ ಯಾವಾಗಲೂ ಮಳೆ," ಎಂದರು.

ಕ್ಲಿಫ್ ನಿವೃತ್ತರಾಗಿ ಊರಿಗೆ ಹೋಗಿ ಎಷ್ಟೋ ಕಾಲವಾಯಿತು. ಅವರ ಭಾಷೆ ಮಾತ್ರ ಇಲ್ಲೇ ಉಳಿದು, ತುಳು ಧಾಟಿಯಲ್ಲಿ ಬಸ್ಸು ಓಡಿಸಿಕೊಂಡಿದೆ. ನಾನು ತಿರುಮಲೇಶ್, ಮೈಸೂರಿನವನು, ಲೆಕ್ಕಪತ್ರ ವಿಭಾಗದಲ್ಲಿ ಮುಖ ಗಂಟು ಹಾಕಿಕೊಂಡು ಕೂರುವವನು ಎಂದು ಹೆಸರುವಾಸಿ. ಬೆಳಿಗ್ಗೆ ಯಾರಾದರೂ ಮಾತಾಡಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಆ ಡಕ್ ಕೇಳದೆ ಕೂತ ದಿನ ಏನೋ ತಿಂಡಿ ತಿನ್ನದೆ ಬಂದ ಹಾಗಿರುತ್ತದೆ. ತನಿಯ ರಜೆಯಲ್ಲಿದ್ದಾಗ ಇದು ಗೊತ್ತಾಯಿತು.

ಹೀಗಿರುವಾಗ ಸಂಜನಾ ಬಂದಳು. ಬೆಂಗಳೂರಿನ ಹುಡುಗಿ, ನಮ್ಮ ಲ್ಯಾಬಿಗೆ ಹೊಸ ಕೆಮಿಸ್ಟ್. ಮೊದಲ ದಿನ ತನ್ನ ಹೊಸ ಬಾಸ್ ಹತ್ತಿದ ಮುಂದಿನ ಸ್ಟಾಪಿನಲ್ಲಿ ಬಸ್ಸು ಹತ್ತಿದಳು. ಬಾಸ್ ಆಗಲೇ ಹೋಗಿ ಕೂತಿದ್ದರು. "ಐ ಅಪ್, ಮಿ ಡಕ್!" ಎಂಬುದು ಅವಳಿಗೆ ಕೇಳಿಸಿದ್ದು, ಬಸ್ಸಿನ ತುಂಬ ನಗು ಎದ್ದದ್ದು ಒಟ್ಟಿಗೆ. ನಾವು ನಕ್ಕದ್ದು ಅವಳ ಗಾಬರಿ ನೋಡಿ. ಆದರೆ ಗಂಡಸರೇ ತುಂಬಿದ ಬಸ್ಸಿನಲ್ಲಿ ನಗೆಪಾಟಲಾದೆ ಎಂದು ಅವಳಿಗೆ ಅನ್ನಿಸಿದ್ದು ತಪ್ಪೇನಲ್ಲ. ಮರುದಿನದಿಂದ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂರತೊಡಗಿದಳು. ವಾರ ಕಳೆಯುವಷ್ಟರಲ್ಲಿ ಸಾರಿಗೆ ವಿಭಾಗಕ್ಕೆ ದೂರು ಹೋಯಿತು: ಡ್ರೈವರ್ ತನ್ನನ್ನು ಹಗುರವಾಗಿ ಕರೆಯುತ್ತಾನೆ.

ತನಿಯ ಅವರ ಕಾಂಟ್ರಾಕ್ಟ್ ನವೀಕರಣ ಆ ತಿಂಗಳೇ ಇತ್ತು. ಮಹಿಳಾ ಸಿಬ್ಬಂದಿಯ ದೂರು ಇರುವ ಡ್ರೈವರಿಗೆ ನವೀಕರಣವಿಲ್ಲ, ನೇರ ಊರಿಗೆ ಟಿಕೆಟ್. ಮಗಳು ಭವ್ಯಶ್ರೀ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವಳ ಓದು ನಿಂತಿದ್ದದ್ದು ಈ ಬಸ್ಸಿನ ಮೇಲೆ.

ಸಾರಿಗೆ ಸೂಪರ್‌ವೈಸರ್ ಆಲ್ಬರ್ಟ್ ವಿಚಾರಣೆಗೆ ಕರೆದರು. ಪ್ರಯಾಣಿಕರ ಪರವಾಗಿ ನಾನೇ ಹೋದೆ, ಕರೆಯದಿದ್ದರೂ ಹೋಗುತ್ತಿದ್ದೆ. ಸಂಜನಾಳೂ ಸೇರಿ ಕೋಣೆಯಲ್ಲಿದ್ದ ನಾಲ್ವರಿಗೂ ಕನ್ನಡ ಬರುತ್ತಿತ್ತು. ಆದರೂ ಎಲ್ಲರೂ ಇಂಗ್ಲಿಷಿನಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನನಗೆ ತಡೆಯಲಿಲ್ಲ.

"ಆಲ್ಬರ್ಟ್, ಕನ್ನಡದಲ್ಲೇ ಮುಗಿಸ್ರೀ. ಈ ಮನುಷ್ಯ ಎಲ್ರಿಗೂ ಹಂಗೇ ಅನ್ನೋದು. ನನಗೂ ಅಂತಾರೆ. ನನ್ನ ಮುಖ ನೋಡಿದ್ರೆ ಮುದ್ದು ಮಾಡೋ ಹಂಗಿದ್ಯಾ?"

ಸಂಜನಾ ತಲೆಯೆತ್ತಿ ನನ್ನನ್ನು ನೋಡಿದಳು. "ಎಲ್ರಿಗೂನಾ?"

"ಎಲ್ಲರಿಗೂ," ಎಂದರು ಆಲ್ಬರ್ಟ್. ಒಳ್ಳೆಯ ಮನುಷ್ಯ, ಹೇಗಾದರೂ ಇದನ್ನು ಮುಗಿಸಬೇಕೆಂದು ಅವರಿಗೂ ಇತ್ತು. ಸ್ವರ ತಗ್ಗಿಸಿ ದಾರಿ ತೋರಿಸಿದರು. "ನೋಡಿ ತನಿಯ, ಒಂದು ಕೆಲಸ ಮಾಡುವ. ಆಫೀಸರುಗಳಿಗೆ ಸರ್ ಹೇಳಿ, ಮೇಡಮ್ಮಿಗೆ ಮೇಡಂ ಹೇಳಿ. ಲೇಬರಿನವರಿಗೆ ನೀವು ಎಂತ ಬೇಕಾದ್ರೂ ಹೇಳಿ, ಯಾರು ಕೇಳ್ತಾರೆ? ಇದಕ್ಕೆ ಒಪ್ಪಿದ್ರೆ ಇಲ್ಲಿಗೇ ಖಲಾಸ್."

ಒಪ್ಪಿಬಿಡಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ತನಿಯ ಇಲ್ಲವೆಂದು ತಲೆಯಾಡಿಸಿದರು.

"ಅದೊಂದು ಆಗುದಿಲ್ಲ ಸರ್. ಬಿಡುದಾದ್ರೆ ಎಲ್ಲರಿಗೂ ಬಿಡ್ತೇನೆ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು, ಅದು ಮಾತ್ರ ಹೇಳ್ಬೇಡಿ."

"ಯಾಕೆ ಮಾರಾಯ್ರೆ ಹಠ?" ಎಂದರು ಆಲ್ಬರ್ಟ್.

ತನಿಯ ಮಾತು ಶುರುಮಾಡಿದ್ದು ಸಂಜನಾಳ ಕಡೆ ತಿರುಗಿ.

"ನಮ್ಮ ಊರಲ್ಲಿ ನನ್ನ ಹೆಸರು ಕೇಳಿದ್ರೆ ಸಾಕು ಮೇಡಂ, ಅಂಗಳದಲ್ಲಿ ಎಲ್ಲಿ ನಿಲ್ಲಿಸ್ಬೇಕು ಅಂತ ಜನಕ್ಕೆ ಗೊತ್ತಾಗ್ತದೆ. ಹೆಸರು ಹೇಳಿ ಕರೆಯುದು ಸಹ ಅಪರೂಪ. ಓಯ್ ಅಂತಲೇ. ಇಲ್ಲಿಗೆ ಬಂದ ಮೊದಲ ದಿನ ನಾನು ಕಾರಿನ ಹಿಂದಿನ ಬಾಗಿಲು ತೆರೆದು ತಲೆ ತಗ್ಗಿಸಿ ನಿಂತಿದ್ದೆ. ಕ್ಲಿಫ್ ಸಾಹೇಬ್ರು ಅದನ್ನು ಮುಚ್ಚಿ ಮುಂದೆ ಬಂದು ನನ್ನ ಪಕ್ಕ ಕೂತ್ರು. 'ಟಾ, ಡಕ್' ಅಂದ್ರು. ಅರ್ಥ ಆಗ್ಲಿಲ್ಲ. ಪ್ರೀತಿಯಲ್ಲಿ ಹೇಳಿದ್ದು ಅಂತ ಮಾತ್ರ ಗೊತ್ತಾಯ್ತು. ಆದ್ರೆ ನಾನು ನಂಬ್ಲಿಲ್ಲ. ಇವರು ಯಾರಿಗೆ ಇದನ್ನು ಹೇಳುದಿಲ್ಲ ಅಂತ ನೋಡ್ತಾ ಇದ್ದೆ. ಒಬ್ಬನಾದ್ರೂ ಇರ್ಬೇಕಲ್ಲ? ಅವರ ಮೇಲಿನ ಬಾಸಿಗೆ ಹೇಳಿದ್ರು. ಪಾಯಿಖಾನೆ ತೊಳೆಯುವವನಿಗೆ ಹೇಳಿದ್ರು. ಅದೇ ಮಾತು, ಅದೇ ನಗು. ಎಷ್ಟು ದಿನ ಕಾದ್ರೂ ಅಂಥವ ಒಬ್ಬ ಸಿಗ್ಲಿಲ್ಲ ಮೇಡಂ."

ಆಲ್ಬರ್ಟ್ ಸುಮ್ಮನೆ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು.

"ನಿಮಗೆ ಬೇಜಾರಾದದ್ದು ನನ್ನ ತಪ್ಪೇ," ಎಂದರು ತನಿಯ. "ನಾಳೆಯಿಂದ ಯಾರಿಗೂ ಹೇಳುದಿಲ್ಲ."

ಸಂಜನಾ ಎದ್ದು ಹೋದಳು. ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ಕೇಳಿಯೂ ಆ ಹುಡುಗಿಯಿಂದ ಒಂದು ಮಾತಿಲ್ಲವಲ್ಲ ಎಂದು ಆಲ್ಬರ್ಟ್ ಮೇಲೆ ರೇಗಾಡಿ ಬಂದೆ.

ಮಾರನೆಯ ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ನನಗೆ ಸಿಕ್ಕಿದ್ದು "ಗುಡ್ ಮಾರ್ನಿಂಗ್ ಸರ್." ನನ್ನ ಹಿಂದೆ ಬಂದ ಕ್ಲೀನರ್ ಹುಡುಗನಿಗೂ ಅದೇ, "ಗುಡ್ ಮಾರ್ನಿಂಗ್ ಸರ್." ಅವನು ತಾನೇನು ತಪ್ಪು ಮಾಡಿದೆನೋ ಎಂಬಂತೆ ಪಿಳಿಪಿಳಿ ನೋಡಿದ. ಬಸ್ಸು ಸಾವಿನ ಮನೆಯಂತಿತ್ತು. ತನಿಯ ರಸ್ತೆ ಬಿಟ್ಟು ಬೇರೇನೂ ನೋಡಲಿಲ್ಲ.

ಸಂಜನಾಳ ಸ್ಟಾಪ್ ಬಂತು. ಹತ್ತಿದವಳು ಸೀಟಿಗೆ ಹೋಗಲಿಲ್ಲ. ಇಯರ್‌ಫೋನ್ ಇರಲಿಲ್ಲ.

"ಗುಡ್ ಮಾರ್ನಿಂಗ್ ಮೇಡಂ," ಎಂದರು ತನಿಯ, ಮುಂದೆ ನೋಡುತ್ತಲೇ.

"ಆಲ್ಬರ್ಟ್ ಸರ್‌ಗೆ ಹೇಳಿದೀನಿ, ಕಂಪ್ಲೇಂಟ್ ವಾಪಸ್ ತಗೊಂಡೆ. ನನಗೊಬ್ಳಿಗೇ ಹಂಗಂತೀರ ಅಂದ್ಕೊಂಡಿದ್ದೆ." ಅವಳ ದನಿ ಹಿಂದಿನ ಸೀಟಿನವರಿಗೂ ಕೇಳುವಷ್ಟು ಗಟ್ಟಿಯಾಗಿತ್ತು. "ನಿಮಗೆ ಸಿಗದೇ ಇದ್ದ ಆ ಒಬ್ರು ನಾನಾಗೋದು ಬೇಡ. ಎಲ್ರಿಗೂ ಅನ್ನೋ ಹಂಗೆ ನನಗೂ ಅನ್ನಿ, ತನಿಯಣ್ಣ."

ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಆ ದೊಡ್ಡ ಮನುಷ್ಯ ಅತ್ತರು. ನಾನೂ ಅತ್ತೆ, ಮುಚ್ಚಿಡುವುದೇಕೆ. ಹಿಂದೆ ನಿಂತ ಕಾರುಗಳು ಹಾರ್ನ್ ಹೊಡೆಯತೊಡಗಿದವು. ಡ್ಯೂಟಿಗೆ ತಡವಾಗುತ್ತಿದ್ದರೂ ಬಸ್ಸಿನಲ್ಲಿ ಒಬ್ಬರೂ 'ಯಲ್ಲಾ, ಹೊರಡಿ' ಎನ್ನಲಿಲ್ಲ.