ಸಾಯುವವರ ಹೆಸರು ಕೂಗುವವಳು

ಎರಡನೆಯ ಮಹಾಯುದ್ಧದ ಕಾಲ. ನಾನು ರಾಣೇಬೆನ್ನೂರಿನ ಒಂದು ಸಣ್ಣ ವಾರಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೆ. ಆ ಬೇಸಿಗೆಯಲ್ಲಿ ಹಾವೇರಿಯಿಂದ ಬ್ಯಾಡಗಿಯವರೆಗೆ ಒಂದೇ ಮಾತು: ಜೈಲಿನಲ್ಲಿರುವ ಒಬ್ಬ ಹೆಂಗಸು ಮಧ್ಯಾಹ್ನ ಯಾರ ಹೆಸರು ಕೂಗುತ್ತಾಳೋ ಅವರು ವಾರದೊಳಗೆ ಸಾಯುತ್ತಾರೆ. ಆ ಜೈಲು ಯಾವ ಊರಿನದೆಂದು ಈಗಲೂ ಬರೆಯುವುದಿಲ್ಲ. ಅದರ ಹಿಂದಿನ ಓಣಿಯ ಜನ ಆ ಹೊತ್ತಿಗೆ ಬಾಗಿಲು ಹಾಕಿ ಕಿವಿಗೆ ಅರಳೆ ತುರುಕಿಕೊಳ್ಳುತ್ತಿದ್ದುದನ್ನು ನಾನೇ ನೋಡಿದ್ದೇನೆ.

"ಹೋಗಿ ನೋಡ್ಕೊಂಡು ಬರ್ರಿ. ಖರೇ ಇದ್ದದ್ದಷ್ಟ ಬರೀರಿ" ಎಂದರು ಸಂಪಾದಕರು.

ಪಹರೆಯ ಮುದುಕ ಹೊರಬಾಗಿಲಲ್ಲೇ ಹೆಸರು ಕೇಳಿ ನನ್ನನ್ನು ಒಳಗೆ ಬಿಟ್ಟ. ಕಲ್ಲಿನ ಕೋಣೆಯಲ್ಲಿ ಅವಳು ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಅಳುವಿಲ್ಲ, ಸಿಟ್ಟಿಲ್ಲ, ಊಟಕ್ಕೆ ಕರೆಯುವ ದನಿಯಲ್ಲಿ ಒಂದೊಂದೇ ಹೆಸರು ಹೇಳಿ, ಉತ್ತರಕ್ಕೆ ಕಾಯುವವಳಂತೆ ಸುಮ್ಮನಾಗುತ್ತಿದ್ದಳು. ಆ ಮೌನದಲ್ಲಿ ಯಾರಾದರೂ "ಓ" ಅಂದಾರೆಂದು ನನ್ನ ಕಿವಿಯೂ ಕಾಯತೊಡಗಿತು. ಹೆಸರುಗಳನ್ನು ಬರೆದುಕೊಳ್ಳುತ್ತ ಹೋದೆ. ಹನ್ನೊಂದನೆಯದು ನನ್ನ ಹೆಸರು.

ನಾನು ಯಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ತಿರುಗಿಯೂ ನೋಡಿರಲಿಲ್ಲ. ಇನ್ನಷ್ಟು ಮೆತ್ತಗೆ, ಮತ್ತೊಮ್ಮೆ ಅದನ್ನೇ ಕರೆದಳು.

"ಓ ಅನಬ್ಯಾಡ್ರಿ!" ಪಹರೆಯವನು ನನ್ನ ತೋಳು ಹಿಡಿದ. "ಲಗೂ ಹೊರಗ ನಡೀರಿ."

"ಏನ್ ತಪ್ಪು ಮಾಡ್ಯಾಳ ಈಕಿ?"

"ಏನಿಲ್ರಿ. ಬ್ಯಾಡಗ್ಯಾಗ ಕಂಡೋರ ಮನಿ ಹೊಕ್ಕು ಹುಡುಕತಿದ್ಲಂತ. ಹುಚ್ಚಿ ಅಂತ ತಂದು ಇಟ್ಟಾರ. ವರ್ಷಾತು, ಯಾರೂ ಕೇಳಾಕ ಬಂದಿಲ್ಲ."

ಅವಳು ಕೂಗಿ ಸತ್ತವರು ಯಾರೆಂದು ಹಿಂದಿನ ಓಣಿಯಲ್ಲಿ ಕೇಳಿದೆ. ಎಲ್ಲರೂ ಪಕ್ಕದ ಓಣಿ ತೋರಿಸಿದರು. ಅಲ್ಲಿಯವರು ಈ ಓಣಿ ತೋರಿಸಿದರು. ಸತ್ತವರು ಒಬ್ಬರೂ ಸಿಗಲಿಲ್ಲ. ಆದರೂ ನನಗೆ ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರ ಮುಂದೆ ಆ ಹೆಸರುಗಳನ್ನು ಓದಿದೆ. ಎಲ್ಲರ ಕೈಗಳೂ ನಿಂತವು.

"ಇವರೆಲ್ಲಾ ನಮ್ಮ ಓಣ್ಯಾವ್ರ ರೀ" ಎಂದಳು ಒಬ್ಬ ಮುದುಕಿ. "ಪ್ಲೇಗಿನ್ಯಾಗ ಹೋದ್ರು. ಮನಿ ಸಾಲು ಹಿಡದು ಕರ್ಯಾಕತ್ಯಾಳ, ಪಾಪ. ಆ ಕಡೀ ಹೆಸರು ಆಕಿ ಮಗಂದು." ನನ್ನ ಹೆಸರೇ ಅವಳ ಮಗನ ಹೆಸರೂ ಆಗಿತ್ತು.

ಅವಳು ಕರೆಯುತ್ತಿರುವುದು ಎಂದೋ ಸತ್ತವರನ್ನು, ಅವಳಿಗೆ ಬೇಕಾದದ್ದು ವೈದ್ಯರು ಎಂದು ಪತ್ರಿಕೆಯಲ್ಲಿ ಬರೆದೆ. ಓದಿದ ಒಬ್ಬ ಅಧಿಕಾರಿ ಅವಳನ್ನು ಧಾರವಾಡದ ಆಸ್ಪತ್ರೆಗೆ ಕಳಿಸಿದರು. ಜನ ಮಾತ್ರ ನಂಬಲಿಲ್ಲ. ನನ್ನ ಹೆಸರೂ ಬಂದದ್ದನ್ನು ಬುದ್ಧಿಯಿಲ್ಲದೆ ಬರೆದಿದ್ದೆ. ಎಷ್ಟೋ ದಿನ ಚಹಾದಂಗಡಿಯಲ್ಲಿ ನನ್ನನ್ನು ಕಂಡವರು ಮಾತು ನಿಲ್ಲಿಸುತ್ತಿದ್ದರು.

ಎರಡು ವರ್ಷದ ಮೇಲೆ ಅವಳನ್ನು ಬ್ಯಾಡಗಿಯಲ್ಲೇ ಕಂಡೆ. ತಲೆ ಬಾಚಿಕೊಂಡು, ಉಳಿದವರ ಜೊತೆ ಕೂತು ಕೆಲಸ ಮಾಡುತ್ತಿದ್ದಳು.

"ಏನ್ ಬೇಕಾಗಿತ್ರಿ? ಯಾರು ನೀವು?" ಎಂದಳು.

ಹೆಸರು ಹೇಳುವ ಧೈರ್ಯ ನನಗಾಗಲಿಲ್ಲ.