ಬೋಗಿಯ ಗೋಡೆಯೊಳಗಿನ ನಾರು

ಪುಟ್ಟೀ, ಅಪ್ಪೂ, ನೀವು ಯುಗಾದಿಗೆ ಬಂದಿದ್ದಾಗ ಅಂಗಡಿಯ ಮುಂದೆ ಯಾರೋ ನಿಮಗೆ, "ಆ ರೈಲು ಮುರ್ಸಾಕಿದ್ದು ನಿಮ್ಮಜ್ಜೀನೇ ಕಣ್ರಲಾ" ಅಂದರಂತೆ. ನೀವು ಓಡಿಬಂದು ನಿಜವೇ ಎಂದು ಕೇಳಿದಿರಿ. ಹಾಲು ಉಕ್ಕೀತು ಎಂದು ನಾನು ಒಳಗೆ ಎದ್ದುಹೋದೆ. ಎದುರು ಕೂತು ಹೇಳುವುದು ನನಗೆ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು, ನಿಧಾನವಾಗಿಯಾದರೆ ಬರೆಯಬಲ್ಲೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿ ಮನೆ ಮಾಡಲಿಲ್ಲ. ಕತ್ತಲಿರುವಾಗಲೇ ಸೈಕಲ್ ತುಳಿದು ಮದ್ದೂರು ಸ್ಟೇಷನ್ನಿಗೆ ಹೋಗಿ ಪ್ಯಾಸೆಂಜರ್ ಗಾಡಿ ಹತ್ತುವರು, ಕತ್ತಲಾದ ಮೇಲೆ ಇಳಿಯುವರು. ಎಚ್ಚರವಾಗಿರುವ ಹೊತ್ತನ್ನು ನನ್ನ ಜೊತೆಗಿಂತ ಆ ಗಾಡಿಯಲ್ಲೇ ಹೆಚ್ಚಾಗಿ ಕಳೆದರು. ತಿಂಗಳ ಪಾಸು ಮಾಡಿಸಿ ದಿನಾ ಹೋಗುವ ಪಾಸಿನವರೆಲ್ಲ ಕೂರುವ ಬೋಗಿ ಒಂದೇ. ಆಯುಧಪೂಜೆಗೆ ಅದರ ಬಾಗಿಲಿಗೆ ಬಾಳೆಕಂದು ಕಟ್ಟಿ, ಕಿಟಕಿಯ ಸರಳಿಗೆ ಚೆಂಡುಹೂವು ಸುತ್ತಿ, ಬೂದುಗುಂಬಳ ಒಡೆಯುತ್ತಿದ್ದರು. ಆ ದಿನದ ಕಡ್ಲೆಪುರಿ ಪೊಟ್ಟಣ ಸಂಜೆ ನನಗೂ ಬರುತ್ತಿತ್ತು. ತಾತ ಎದೆನೋವಿನಿಂದ ತೀರಿಕೊಂಡಾಗ ನಮ್ಮ ನೆಂಟರಿಗಿಂತ ಮೊದಲು ಬಂದು ಚಟ್ಟ ಕಟ್ಟಿದವರೂ ಆ ಪಾಸಿನವರೇ.

ಅವರು ಹೋದ ಮೇಲೆ ಹೊಸ ಗಾಡಿಗಳು ಬಂದವು, ಹಳೆಯ ಬೋಗಿಗಳು ಗುಜರಿ ಸೇರತೊಡಗಿದವು. ನಿಮ್ಮ ಚಿಕ್ಕತಾತ, ಅಂದರೆ ತಾತನ ತಮ್ಮ, ಒಂದನ್ನಾದರೂ ಉಳಿಸಬೇಕೆಂದು ಹಠ ಹಿಡಿದರು. ಅವರು ಹರೆಯದಿಂದಲೂ ಬೋಗಿ ರಿಪೇರಿ ಮಾಡಿಸುವ ಒಬ್ಬ ಗುತ್ತಿಗೆದಾರನ ಹತ್ತಿರ ಕೆಲಸ ಮಾಡಿದವರು. ಪಾಸಿನವರು ಕೈ ಸೇರಿಸಿದರು. ಯಾವುದೋ ಯಾರ್ಡಿನ ಮೂಲೆಯಲ್ಲಿ ಬಹಳ ಕಾಲದಿಂದ ನಿಂತಿದ್ದ ಬೋಗಿಯೊಂದು ಉದ್ದನೆಯ ಲಾರಿಯ ಮೇಲೆ ನಮ್ಮೂರಿಗೆ ಬಂತು. ಕರೆಂಟಿನ ತಂತಿಗಳನ್ನು ಬಿದಿರಿನ ಗಳುವಿನಿಂದ ಎತ್ತಿ ಹಿಡಿದು ದಾರಿ ಬಿಡಿಸಿದರು. ಮಳವಳ್ಳಿ ರಸ್ತೆಯ ಪಕ್ಕ, ಕಾಲುವೆಯ ಏರಿಯ ಕೆಳಗೆ ಇಳಿಸಿದರು. ಬಸ್ಸು ಕಾಯುವ ಹೆಣ್ಣುಮಕ್ಕಳು ಕೂತು ಓದಿಕೊಳ್ಳುವ ಜಾಗ ಮಾಡಬೇಕು, ಅದಕ್ಕೆ ತಾತನ ಹೆಸರಿಡಬೇಕು ಎಂಬುದು ಅವರ ಆಸೆ.

ಅಣ್ಣ ಕೂರುತ್ತಿದ್ದ ಬೋಗಿ ಇದೇ ಎಂದು ಚಿಕ್ಕತಾತ ಸಾಧಿಸುತ್ತಿದ್ದರು. ಅಲ್ಲದೆಯೂ ಇರಬಹುದು. ಯಾರೂ ಇಲ್ಲದ ಹೊತ್ತು ನೋಡಿ ನಾನೂ ಒಮ್ಮೆ ಹೋಗಿ ಕಿಟಕಿಯ ಪಕ್ಕದ ಮರದ ಸೀಟಿನ ಮೇಲೆ ಕೂತೆ. ಹಲಗೆ ಸವೆದು ನುಣ್ಣಗಾಗಿತ್ತು. ಅದು ಉಳಿಯಬೇಕೆಂದು ಚಿಕ್ಕತಾತನಿಗಿದ್ದಷ್ಟೇ ಆಸೆ ನನಗೂ ಇತ್ತು. ಇದನ್ನು ನೀವು ಮೊದಲು ತಿಳಿಯಬೇಕು.

ಗೋಡೆಯ ತಗಡು ತುಕ್ಕು ಹಿಡಿದಿತ್ತೆಂದು ಚಿಕ್ಕತಾತ ಒಂದು ಕಡೆ ಬಿಚ್ಚಿದರು. ಒಳಗಿಂದ ಬೂದುಬಣ್ಣದ ನಾರು, ಹಿಂಜಿದ ಅರಳೆಯ ಹಾಗೆ, ಉಂಡೆಯುಂಡೆಯಾಗಿ ಉದುರಿತು. ಪಾಸಿನವರೊಬ್ಬರ ಮಗಳು ಮಂಡ್ಯದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವವಳು. ಅವಳು ಅದನ್ನು ನೋಡಿ ಮೂಗಿಗೆ ಸೆರಗು ಹಿಡಿದುಕೊಂಡು, ಎಲ್ಲರನ್ನೂ ಇಳಿಸಿ, ಒಂದು ಚಿಟಿಕೆ ಕಟ್ಟಿಕೊಂಡು ಹೋದಳು. ಪರೀಕ್ಷೆ ಮಾಡಿಸಿಕೊಂಡು ಬಂದ ದಿನ ನಮ್ಮ ಮನೆಯ ಜಗಲಿಯಲ್ಲೇ ಎಲ್ಲರೂ ಸೇರಿದರು. ನಾನು ಕಾಫಿ ಕೊಟ್ಟು ಬಾಗಿಲ ಹಿಂದೆ ನಿಂತೆ.

"ಅದು ಕಲ್ನಾರು, ಆಸ್ಬೆಸ್ಟಾಸ್," ಅಂದಳು. "ಧೂಳು ಎದೆಗೆ ಹೋದ್ರೆ ಈಚೆಗೆ ಬರಲ್ಲ. ಎಷ್ಟೋ ವರ್ಷದ ಮೇಲೆ ಕಾಯಿಲೆ ಕಾಣಿಸುತ್ತೆ. ಹಳೇ ಬಣ್ಣದಲ್ಲಿ ಸೀಸಾನೂ ಇದೆ. ತೆಗೀಬೇಕಂದ್ರೆ ಬೋಗಿ ಸುತ್ತ ಗಾಳಿ ಆಡದಂಗೆ ಕಟ್ಟಿ, ಕಲಿತವರೇ ಬಂದು ಒದ್ದೆ ಮಾಡಿ ತೆಗೀಬೇಕು. ಅಂಥವರು ನಮ್ಮ ಕಡೆ ಇಲ್ಲ. ಅಲ್ಲೀವರ್ಗೂ ಮುಟ್ಟಬೇಡಿ."

"ಕಾಲೇಜಿನೋರು ಹಿಟ್ಟಿನ ಧೂಳಿಗೂ ಹೆದರ್ತೀರಿ ಬುಡವ್ವ," ಅಂದರು ಚಿಕ್ಕತಾತ. ಎಲ್ಲರೂ ನಕ್ಕರು. "ಹರೇದಿಂದ ಬರೀ ಕೈನಾಗೆ ಕಿತ್ತಿವ್ನಿ ಇದ್ನ. ನಂಗೇನಾಗದೆ?"

"ಏನಾಗದೆ ಅಂದ್ಯಾ? ಮಾತಿಗೊಂದು ಕಿತ ಕೆಮ್ತೀಯಲ್ಲೋ," ಅಂದರು ಆ ಹುಡುಗಿಯ ಅಪ್ಪ.

"ಅದು ಬೀಡಿ ಕೆಮ್ಮು ಕಣ್ಲಾ! ಕೇಳವ್ವ ಇಲ್ಲಿ, ಈ ನಾರು ಬೆಂಕಿಗೂ ಸುಡಾಕಿಲ್ಲ. ಮನೇಗೆ ತಂದು ಕೊಡ್ತಿದ್ದೆ, ನಮ್ಮವ್ವ ಇದ್ರಲ್ಲೇ ಬತ್ತಿ ಹೊಸ್ದು ದೇವ್ರ ಮುಂದೆ ದೀಪ ಹಚ್ಚೋಳು. ಏನಾಯ್ತು?"

ಅವರು ಹೇಳಿದ್ದು ನಿಜ. ನಮ್ಮ ಅತ್ತೆ ಆ ನಾರನ್ನು ಮೊರದಲ್ಲಿಟ್ಟುಕೊಂಡು ಹಿಂಜುವರು, ಚೂರು ಅರಳೆ ಬೆರೆಸಿ ತೊಡೆಯ ಮೇಲೆ ಹೊಸೆಯುವರು. ಅರಳೆ ಉರಿದುಹೋದರೂ ನಾರು ಹಾಗೇ ಉಳಿಯುತ್ತಿತ್ತು. ಕರಿ ಕೊಡವಿ, ಮತ್ತೆ ಹಿಂಜಿ, ಮತ್ತೆ ಹೊಸೆಯುವರು. "ಸವೀದೇ ಇರೋ ಬತ್ತಿ ಕಣಮ್ಮಿ, ದೇವ್ರೇ ಕೊಟ್ಟವ್ನೆ" ಎಂದು ಹಬ್ಬಕ್ಕೆ ನೆರೆಯವರಿಗೂ ಹಂಚುತ್ತಿದ್ದರು. ಹಿಂಜುವಾಗ ಏಳುತ್ತಿದ್ದ ಧೂಳು ಗವಾಕ್ಷಿಯ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ನಿಮ್ಮ ಅಪ್ಪ ಆಗ ಅಂಬೆಗಾಲಿಕ್ಕುವ ಕೂಸು. ಅತ್ತೆಯ ಮೊರದ ಪಕ್ಕದಲ್ಲೇ ಆಡಿಕೊಂಡಿರುತ್ತಿದ್ದ, ಅಲ್ಲೇ ನಿದ್ದೆಹೋಗುತ್ತಿದ್ದ.

ಗಂಡಸರ ಮಾತಿನ ನಡುವೆ ನಾನು ಅದುವರೆಗೆ ಬಾಯಿ ಹಾಕಿದವಳಲ್ಲ. ಆ ಹೊತ್ತು ಹೇಗೆ ಹೊಸಿಲು ದಾಟಿದೆನೋ ತಿಳಿಯದು.

"ಏನಾಯ್ತು ಅಂತ ನೀನೇ ಯೋಳು ಮೈದ್ನ," ಅಂದೆ. "ಅವ್ವ ಬೀಡಿ ಸೇದ್ಲಿಲ್ಲ. ಕೊನೆಗಾಲದಾಗೆ ಮಲೀಕಾಗ್ದೆ ಗೋಡೆಗೆ ಒರಗಿ ಕೂತ್ಕಂಡೇ ಇದ್ಲಲ್ಲ, ಅದು ಯಾತರಿಂದ?"

"ದಮ್ಮು ಅಂದ್ರಲ್ಲ ಡಾಕುಟ್ರು."

"ಅವ್ರಿಗೆ ಬತ್ತೀ ಇಸ್ಯ ಯಾರು ಯೋಳಿದ್ರು?"

ಆ ಹುಡುಗಿ ನನ್ನ ಹತ್ತಿರ ಬಂದು, ಇದರಿಂದಲೇ ಸತ್ತರೆಂದು ಈಗ ಯಾರೂ ಖಚಿತವಾಗಿ ಹೇಳಲಾರರು ಅಂದಳು. ಆದರೆ ಅವಳ ಮುಖ ಬಿಳಿಚಿಕೊಂಡಿತ್ತು. ಪಾಸಿನವರು ಒಬ್ಬೊಬ್ಬರಾಗಿ ಲೋಟ ಕೆಳಗಿಟ್ಟರು. ಚಿಕ್ಕತಾತ ಮಾತ್ರ ನನ್ನನ್ನೇ ನೋಡುತ್ತಿದ್ದರು.

"ನಮ್ಮಣ್ಣ ಕುಂತ ಜಾಗ ಕಣತ್ಗೆ ಅದು. ನೀನೇ ಬ್ಯಾಡ ಅಂದ್ಯಾ?"

ಕೆಳಗಿಟ್ಟ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ನಾನು ಒಳಗೆ ಹೋದೆ.

ಪಾಸಿನವರು ಕೂಡಲೇ ಕೈಬಿಡಲಿಲ್ಲ. ನಾರು ತೆಗೆಯುವವರನ್ನು ಹುಡುಕಿ ಅಲೆದರು. ಸಿಕ್ಕವರು ತಗಡೆಲ್ಲ ಬಿಚ್ಚಿದರೆ ಉಳಿಯುವುದು ಬರೀ ಎಲುಬು ಅಂದರು. ಅಷ್ಟರಲ್ಲಿ ಮಳೆ ಹಿಡಿಯಿತು. ಬಿಚ್ಚಿದ ಜಾಗದಿಂದ ನಾರು ತೊಳೆದುಕೊಂಡು ಕಾಲುವೆಯ ಕಡೆ ಇಳಿಯತೊಡಗಿತು. ಕೆಳಗಿನ ಗದ್ದೆಗಳಲ್ಲಿ ಹೆಂಗಸರು ನಾಟಿ ಹಾಕುತ್ತಿದ್ದರು. ಊರಿನವರು ಜಗಳಕ್ಕೆ ಬಂದರು. ಆಗ ಬೋಗಿಯನ್ನು ಮುರಿಸಿಹಾಕಲು ಎಲ್ಲರೂ ಒಪ್ಪಲೇಬೇಕಾಯಿತು.

ಬಿಳಿಯ ಉಡುಪು ತೊಟ್ಟು ಮುಖ ಮುಚ್ಚಿಕೊಂಡವರು ಬಂದು ಬೋಗಿಯನ್ನು ನೆನೆಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು. ಚಿಕ್ಕತಾತ ಅವರ ಹತ್ತಿರ ಹೋಗಿ, "ಒಂದು ಕಿತ ಒಳಕ್ಕೋಗಿ ಬತ್ತೀನಿ, ಬುಡಪ್ಪ" ಎಂದು ಕೇಳಿಕೊಂಡರು. ಅವರು ಬಿಡಲಿಲ್ಲ. ಬೋಗಿ ಹೊತ್ತ ಲಾರಿ ಹೋದ ಮೇಲೂ ಚಿಕ್ಕತಾತ ಬಹಳ ಹೊತ್ತು ಏರಿಯ ಮೇಲೇ ಇದ್ದರು. ಅದನ್ನು ಎಲ್ಲಿ ಕತ್ತರಿಸಿದರು, ಎಲ್ಲಿ ಹೂತರು ಎಂದು ನಮಗೆ ತಿಳಿಯಲಿಲ್ಲ.

ಆ ಹುಡುಗಿಯೇ ಬಲವಂತ ಮಾಡಿ ಚಿಕ್ಕತಾತನನ್ನು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವರ ಎರಡೂ ಶ್ವಾಸಕೋಶಗಳು ಗಟ್ಟಿಕಟ್ಟಿವೆಯಂತೆ, ಮೊದಲಿನಂತೆ ಆಗುವುದಿಲ್ಲವಂತೆ. ಈಗ ಅವರ ಮಂಚದ ಪಕ್ಕದಲ್ಲಿ ಉಸಿರಿನ ಸಿಲಿಂಡರ್ ಇದೆ. ದಿನಾ ಗಂಜಿ ತೆಗೆದುಕೊಂಡು ಹೋಗುತ್ತೇನೆ. ಕುಡಿಯುತ್ತಾರೆ, ಮಾತಾಡುವುದಿಲ್ಲ. ಉಸಿರು ಸಾಲದೆಯೋ ಕೋಪಕ್ಕೋ, ನಾನು ಕೇಳಿಲ್ಲ.

ಮಕ್ಕಳೇ, ನಿಮ್ಮ ಅಪ್ಪ ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವನು. ನಾಳೆ ಅವನಿಗೆ ಉಸಿರು ಕಟ್ಟಿದರೆ, ಕಲ್ನಾರಿನ ಕೆಲಸ ಮಾಡಿದ್ದಿರಾ ಎಂದು ಯಾವ ಡಾಕ್ಟರೂ ಕೇಳುವುದಿಲ್ಲ. ಕೇಳಿದರೂ ಅವನು ಇಲ್ಲವೆನ್ನುತ್ತಾನೆ. ಆ ಮೊರ ಅವನಿಗೆ ನೆನಪಿಲ್ಲ. ನಾನು ಹೇಳಿದರೆ ನಕ್ಕುಬಿಡುತ್ತಾನೆ. ಆಗ ನಾನು ಇರುತ್ತೇನೋ ಇಲ್ಲವೋ. ಈ ಹಾಳೆಗಳನ್ನು ಅವನ ಆಸ್ಪತ್ರೆಯ ಚೀಟಿಗಳ ಜೊತೆಗೇ ಇಡಿ. ಮಳೆನೀರು, ಗೆದ್ದಲು ತಾಗದಂತೆ ನೋಡಿಕೊಳ್ಳಿ. ಅಜ್ಜಿಯ ಅಕ್ಷರ ಸೊಟ್ಟಗಿದೆಯೆಂದು ನಾಚಿಕೆ ಪಡದೆ ಡಾಕ್ಟರ ಕೈಗೆ ಕೊಡಿ.