ಗೋಡೆಗೆ ಇಟ್ಟ ಬೊಟ್ಟು

ಮಂಗಳವಾರ ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಬಚ್ಚಲುಮನೆಯ ಚಿಲಕ ತನ್ನ ತೂತಿಗೆ ಹೋಗಲು ಒಪ್ಪಲಿಲ್ಲ. ಪಿಲ್ಲಗುಂಪೆಯ ಕಾರ್ಖಾನೆಗೆ ಹೋಗುವ ಬಸ್ಸು ಏಳೂಕಾಲಿಗೆಲ್ಲ ಬಂದುಬಿಡುವುದರಿಂದ ಹಲ್ಲುಜ್ಜುವಾಗಲೂ ನನ್ನ ಒಂದು ಕಣ್ಣು ಗಡಿಯಾರದ ಮೇಲೇ ಇರುತ್ತದೆ. ಸಮಯ ಇಷ್ಟು ಕರಾರುವಾಕ್ಕಾಗಿ ನೆನಪಿರುವುದು ಅದಕ್ಕೆ. ಹಿಂದಿನ ದಿನದವರೆಗೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಸರಿಯುತ್ತಿದ್ದ ಚಿಲಕ ಅಂದು ತೂತಿಗಿಂತ ಒಂದು ಎಳೆ ಕೆಳಗೆ ನಿಂತು ನನ್ನನ್ನು ಅಣಕಿಸಿತು.

"ಮಳೆಗೆ ಬಾಗ್ಲು ಉಬ್ಬಿರ್ಬೇಕು ಕಣೇ," ಎಂದರು ನಮ್ಮ ಮನೆಯವರು, ಫೋನಿನಿಂದ ತಲೆ ಎತ್ತದೆ. ಮಳೆ ಬಂದು ತಿಂಗಳಾಗಿತ್ತು. ಬಾಗಿಲು ಪ್ಲಾಸ್ಟಿಕ್ಕಿನದು.

ಇಲ್ಲಿ ನನ್ನ ವೃತ್ತಿಯ ವಿಷಯ ಹೇಳಿಬಿಡುವುದು ಒಳ್ಳೆಯದು. ಪದವಿ ಮುಗಿಸಿದ ಮೇಲೆ ನಾನು ಉಣ್ಣುತ್ತಿರುವ ಅನ್ನವೆಲ್ಲ ಇಂಗ್ಲಿಷಿನ ಒಂದು ಹಿಡಿ ಪದಗಳ ಋಣ: ಚೆಕ್, ಟೆಸ್ಟ್, ಗೇಜ್, ವೆರಿಫೈ, ಇನ್‌ಸ್ಪೆಕ್ಷನ್. ವಾಹನಗಳಿಗೆ ಬೇಕಾದ ಲೋಹದ ಬಿಡಿಭಾಗಗಳು ನನ್ನ ಮೇಜಿನ ಮೇಲೆ ಸಾಲಾಗಿ ಬರುತ್ತವೆ. ನಾನು ಅಳೆಯುತ್ತೇನೆ, ಹಣೆ ಗಂಟಿಕ್ಕುತ್ತೇನೆ, ಪಾಸು ಅಥವಾ ಫೇಲು ಎನ್ನುತ್ತೇನೆ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಾರ್ಖಾನೆಯನ್ನೇ ತಲೆಕೆಳಗು ಮಾಡುವ ನಾನು ಸ್ವಂತ ಬಚ್ಚಲಿನ ಚಿಲಕಕ್ಕೆ ಕೊಬ್ಬರಿ ಎಣ್ಣೆ ಸವರಿ ಬಸ್ಸು ಹತ್ತಿದೆ.

ಸಂಜೆ ಬಂದು ಮುಖ ತೊಳೆಯುವಾಗ ಕನ್ನಡಿಯ ಪಕ್ಕ ಗೋಡೆಯಲ್ಲೊಂದು ಬಿರುಕು ಕಂಡಿತು. ನಾವಿದ್ದದ್ದು ಹೊಸಕೋಟೆಯ ಹಳೆಯ ಬೀದಿಯೊಂದರಲ್ಲಿ, ಶಮೀಮ್ ಆಂಟಿಯ ಮನೆಯ ಮಹಡಿಯಲ್ಲಿ. ಕೆಳಗೆ ಆಂಟಿ ಮತ್ತು ಹಾಸಿಗೆ ಹಿಡಿದಿದ್ದ ಅವರ ಅತ್ತೆ; ಬೀದಿಯವರೆಲ್ಲ ಅವರನ್ನು ದಾದಿಮಾ ಎನ್ನುತ್ತಾರೆ. ಪಕ್ಕದ ಖಾಲಿ ಸೈಟಿನಲ್ಲಿ ಹೊಸ ಕಟ್ಟಡದ ನೆಲಮಾಳಿಗೆಗಾಗಿ ಆ ವಾರವಷ್ಟೇ ಜೆಸಿಬಿ ಅಗೆಯಲು ಶುರುಮಾಡಿ, ನಮ್ಮ ಗೋಡೆಯ ಬುಡದವರೆಗೂ ಗುಂಡಿ ತೋಡಿತ್ತು.

ಆಂಟಿ ಸುಮ್ಮನೆ ಕೂತವರಲ್ಲ, ಬಿರುಕನ್ನು ನೋಡಲು ಜನ ಕರೆಸಿದರು. ಆಗಲೇ ನನಗೊಂದು ಜ್ಞಾನೋದಯವಾಯಿತು: ಪದದ ಗತ್ತು ಹೆಚ್ಚಿದಷ್ಟೂ ಅದನ್ನಾಡುವವನು ಗೋಡೆಯಿಂದ ದೂರ ನಿಲ್ಲುತ್ತಾನೆ. ಮೇಸ್ತ್ರಿ ಬಂದು 'ಚೆಕ್' ಮಾಡಿದ. ಅವನ ಕೈಯಾದರೂ ಗೋಡೆಗೆ ತಾಗಿತು. ಸೈಟಿನ ಎಂಜಿನಿಯರು 'ಇನ್‌ಸ್ಪೆಕ್ಷನ್' ಮಾಡಿದರು. ಅದಕ್ಕೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡುಮನೆಯಲ್ಲಿ ನಿಲ್ಲುವುದು ಕ್ರಮವೆಂದು ಕಾಣುತ್ತದೆ. ಆಂಟಿಯ ನೆಂಟನೊಬ್ಬ ಬೈಕಿನಿಂದ ಇಳಿಯದೆಯೇ ಬೀದಿಯಿಂದ 'ಸರ್ವೇ' ಮುಗಿಸಿದ. ನಮ್ಮ ಮನೆಯವರು ಎಲ್ಲರನ್ನೂ ಮೀರಿಸಿ, ಬಿರುಕಿನ ಫೋಟೋ ತೆಗೆದುಕೊಂಡು ಆಫೀಸಿಗೆ ಹೋಗಿ, ಅಲ್ಲಿಂದಲೇ ಸಿಚುಯೇಷನ್ನನ್ನು 'ಮಾನಿಟರ್' ಮಾಡುತ್ತಿರುವುದಾಗಿ ಸಂದೇಶ ಕಳಿಸಿದರು. ನಮ್ಮ ಅಜ್ಜಿಯಂದಿರು ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತಿದ್ದರು, ತುಪ್ಪ ಕೊಳ್ಳುವಾಗ ಮೂಸಿ ನೋಡುತ್ತಿದ್ದರು. ನೋಡುವುದೆಂದರೆ ಮೈಯ ಯಾವುದಾದರೂ ಅಂಗ ಅದಕ್ಕೆ ತಾಗಲೇಬೇಕೆಂಬ ನಂಬಿಕೆಯ ಜನ ಅವರು. ಎಲ್ಲರ ಒಟ್ಟು ತೀರ್ಪು: ಪ್ಲಾಸ್ಟರ್ ಬಿರುಕು, ಏನೂ ಆಗುವುದಿಲ್ಲ.

ನನಗೊಂದು ದುರಭ್ಯಾಸವಿದೆ, ಇದನ್ನು ಓದುವ ಹೆಂಗಸರಲ್ಲಿ ಅನೇಕರಿಗೂ ಇರುತ್ತದೆ. ಸ್ನಾನಕ್ಕೆ ಮುಂಚೆ ಹಣೆಯ ಸ್ಟಿಕ್ಕರ್ ಬೊಟ್ಟನ್ನು ಕಿತ್ತು ಕನ್ನಡಿಯ ಪಕ್ಕದ ಗೋಡೆಗೆ ಅಂಟಿಸುವುದು. ಮರೆತ ಬೊಟ್ಟುಗಳಿಂದ ಆ ಗೋಡೆಗೆ ಸಿಡುಬು ಎದ್ದಂತಿತ್ತು. ಗುರುವಾರ ಬೆಳಗ್ಗೆ, ಎಲ್ಲರ ತೀರ್ಪೂ ಬಂದಾದ ಮೇಲೆ, ಅವುಗಳಲ್ಲಿ ಎರಡನ್ನು ಕಿತ್ತು ಬಿರುಕಿನ ಆಚೆಗೊಂದು ಈಚೆಗೊಂದು, ಅಂಚಿಗೆ ಅಂಚು ತಾಗುವಂತೆ ಒತ್ತಿದೆ. ಸಂಜೆ ಬಂದಾಗ ಅವುಗಳ ನಡುವೆ ದಾರ ಹಿಡಿಯುವಷ್ಟು ಸಂದಿ ಇತ್ತು. ಶುಕ್ರವಾರ ಬೆಳಗ್ಗೆ ಆ ಸಂದಿಗೆ ನನ್ನ ಉಗುರು ಹೋಯಿತು. ನಾನು ರಜೆ ಹಾಕಿ, ನಮ್ಮ ಮನೆಯವರಿಗೂ ಹಾಕಿಸಿ, ಕೆಳಗಿಳಿದೆ.

"ಎಂಜಿನಿಯರ್ ಸಾಬ್ರೇ ಇನ್‌ಸ್ಪೆಕ್ಷನ್ ಮಾಡ್ಕೊಂಡ್ ಹೋಗವ್ರೆ," ಎಂದರು ಆಂಟಿ, ಚಹಾ ಸೋಸುತ್ತ. "ನಮ್ ಯಜಮಾನ್ರು ಕಟ್ಟಿದ್ ಮನೆ ಸುಮಾ ಇದು. ಅವ್ರು ಹೋದ್ರೂ ಅವ್ರ ಗೋಡೆ ಹೋಗಲ್ಲ. ಈ ಮುದುಕೀನ ಎತ್ಕೊಂಡು ಯಾರ್ ಮನೆ ಬಾಗ್ಲಿಗೆ ಹೋಗ್ಲಿ ಹೇಳು?"

ನಾನು ಅವರ ಕೈ ಹಿಡಿದು ಮಹಡಿಗೆ ಕರೆತಂದು ಅವರ ಕಿರುಬೆರಳನ್ನು ಎರಡು ಬೊಟ್ಟುಗಳ ನಡುವೆ ಇಟ್ಟೆ. ಅದೇ ಹೊತ್ತಿಗೆ ಹೊರಗೆ ಜೆಸಿಬಿ ಗುಡುಗಿತು. ನಾವಿಬ್ಬರೂ ನೋಡುತ್ತಿದ್ದಂತೆಯೇ, ಮುನಿಸಿಕೊಂಡ ಗೆಳತಿಯರ ಹಾಗೆ ಆ ಬೊಟ್ಟುಗಳು ಒಂದರಿಂದ ಒಂದು ದೂರ ಸರಿದವು.

ಆಂಟಿ ಬೆರಳು ಹಿಂದಕ್ಕೆಳೆದುಕೊಂಡರು. "ಕುರ್ಚಿ ತಗೊಂಬಾ," ಎಂದರು. ಅಷ್ಟೇ.

ದಾದಿಮಾ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೂವರೂ ಎತ್ತಿದೆವು. ಹೊಸ್ತಿಲಲ್ಲಿ ಕುರ್ಚಿಯ ಹಿಂಗಾಲು ಸಿಕ್ಕಿಕೊಂಡಿತು. ಎಳೆದರೆ ಬರುತ್ತಿಲ್ಲ, ಎತ್ತಿದರೆ ಅಜ್ಜಿ ವಾಲುತ್ತಾರೆ, ತಲೆಯ ಮೇಲೆ ಸಿಮೆಂಟಿನ ಪುಡಿ ಸಣ್ಣಗೆ ಉದುರುತ್ತಿದೆ. ನಮ್ಮ ಮನೆಯವರು ಮಂಡಿಯೂರಿ, ಹೆಗಲು ಕೊಟ್ಟು, ಕಾಲನ್ನು ಬಿಡಿಸಿದರು. ಎರಡು ದಿನ ಮಾನಿಟರ್ ಮಾಡಿದ ಪಾಪವೆಲ್ಲ ಆ ಗಳಿಗೆಯಲ್ಲಿ ಪರಿಹಾರವಾಯಿತು. ಅವರು ಕುರ್ಚಿಯನ್ನು ಎದುರಿನ ಅಂಗಡಿಯ ನೆರಳಿಗೆ ದಾಟಿಸುವಾಗ ನಾನು ಗುಂಡಿಯ ಅಂಚಿಗೆ ಓಡಿದೆ.

"ಇಳಿಯಪ್ಪಾ ಕೆಳಕ್ಕೆ. ಗೋಡೆ ಬೀಳ್ತಾ ಐತೆ."

"ಎಂಜಿನಿಯರ್ ಹೇಳ್ಬೇಕು ಮೇಡಂ," ಎಂದ ಜೆಸಿಬಿಯವನು. "ನೀವ್ ಹೇಳ್ದಂಗೆಲ್ಲ ನಿಲ್ಸಕ್ಕಾಗಲ್ಲ."

"ನಿನ್ ಎಂಜಿನಿಯರ್‌ಗೆ ಹೆದರ್ಕೊಂಡು ಅಲ್ಲೇ ಕೂತ್ಕೋ. ಗಂಡಸಾದ್ರೆ ಮೇಲ್ ಬಂದು ನನ್ ಹತ್ರ ಮಾತಾಡು."

ಅವನಿಗೆ ರೇಗಿತು. ನನ್ನ ಜತೆ ಸರಿಯಾಗಿ ಜಗಳವಾಡಲೆಂದೇ ಯಂತ್ರ ನಿಲ್ಲಿಸಿ, ಇಳಿದು, ಗುಂಡಿಯಿಂದ ಮೇಲೆ ಬಂದ. ನನ್ನನ್ನು ಬಯ್ಯಲು ಅವನು ಬಾಯಿ ತೆರೆದದ್ದು ನೆನಪಿದೆ, ಬಯ್ದದ್ದು ಕೇಳಿಸಲಿಲ್ಲ. ಆಂಟಿಯ ಅಡುಗೆಮನೆ, ನನ್ನ ಬಚ್ಚಲು, ಕನ್ನಡಿ, ಚಿಲಕ, ಬೊಟ್ಟು ಎಲ್ಲ ಒಟ್ಟಿಗೆ ಜಾರಿ ಅವನ ಯಂತ್ರದ ಮೇಲೆ ಕುಸಿದವು.

ಧೂಳು ಇಳಿದ ಮೇಲೆ ಮೊದಲು ಕೇಳಿದ್ದು ದಾದಿಮಾ ಅವರ ದನಿ. "ಮೇರಾ ಪಾನ್‌ದಾನ್ ಕಾಂ ಹೈ?" ಎಲೆಡಿಕೆ ಪೆಟ್ಟಿಗೆ ತರಲು ಮರೆತ ಸೊಸೆಯನ್ನು ಅವರು ಬೀದಿಯಲ್ಲೇ ತರಾಟೆಗೆ ತೆಗೆದುಕೊಂಡರು. ಆಂಟಿ ಅಳುತ್ತ ನಕ್ಕರು. ಜೆಸಿಬಿಯವನು ನನ್ನ ಮುಂದೆ ಕೈ ಮುಗಿದು ಹಾಗೆಯೇ ಕುಕ್ಕರಿಸಿದ. ಯಾರಿಗೂ ಒಂದು ತರಚು ಗಾಯವೂ ಇರಲಿಲ್ಲ. ಕಾರ್ಖಾನೆಯಲ್ಲಿ ಎಷ್ಟೋ ಪಾಸು ಫೇಲು ಬರೆದಿದ್ದೇನೆ, ಆದರೆ ಅಂದಿನ ಆ ಒಂದು ಪಾಸಿಗೆ ಸಮನಾದದ್ದು ಇನ್ನೊಂದಿಲ್ಲ.

ಗೆದ್ದವರಿಗೆ ನಿದ್ದೆ ಬರುತ್ತದೆಂದು ನೀವು ತಿಳಿದಿದ್ದರೆ, ಬರುವುದಿಲ್ಲ. ಅದೇ ಬೀದಿಯ ಬಾಡಿಗೆ ಮನೆಯೊಂದಕ್ಕೆ ಎರಡೂ ಸಂಸಾರ ಹೋದೆವು. ಕಣ್ಣು ಮುಚ್ಚಿದರೆ ಹೊಸ್ತಿಲು, ಹೊಸ್ತಿಲಲ್ಲಿ ಕುರ್ಚಿಯ ಕಾಲು. ಕನಸಿನಲ್ಲಿ ಅದು ಬಿಡಿಸಿಕೊಳ್ಳುತ್ತಲೇ ಇರಲಿಲ್ಲ. ಎದ್ದು ಚಿಲಕಗಳನ್ನು ಎಳೆದು ನೋಡುತ್ತಿದ್ದೆ. ಗೋಡೆಗಳಿಗೆಲ್ಲ ಜೋಡಿ ಜೋಡಿಯಾಗಿ ಬೊಟ್ಟು ಇಟ್ಟೆ. ನಮ್ಮ ಮನೆಯವರು ಅವನ್ನು ಕಂಡೂ ಕಾಣದಂತೆ ಇದ್ದುಬಿಟ್ಟರು.

ಪಕ್ಕದ ಸೈಟಿನವರೇ ಆಂಟಿಯ ಮನೆಯನ್ನು ಕಂಬ ಎಬ್ಬಿಸಿ ಮತ್ತೆ ಕಟ್ಟಿಕೊಟ್ಟರು. ಗೋಡೆಗೆ ಬಣ್ಣ ಬಳಿದ ದಿನ ಬುರ್ಖಾದಲ್ಲಿದ್ದ ಆಂಟಿ ಫ್ಯಾನ್ಸಿ ಅಂಗಡಿಗೆ ಹೋಗಿ ಒಂದು ಪ್ಯಾಕೆಟ್ ಕೆಂಪು ಬೊಟ್ಟು ಕೇಳಿದರಂತೆ. ಅಂಗಡಿಯವನು ಮುಖ ಮುಖ ನೋಡಿದನಂತೆ.

"ನಂಗಲ್ಲಪ್ಪಾ," ಎಂದರಂತೆ ಆಂಟಿ, "ನಮ್ ಗೋಡೆಗೆ."

ಕೆಳಗಿನಿಂದ ಮಹಡಿಯವರೆಗೆ ತಾವೇ ಅಂಟಿಸಿದರು. ಬಾಡಿಗೆ ಮನೆಯಿಂದ ನಾವು ಅಲ್ಲಿಗೆ ಮರಳುವ ಹೊತ್ತಿಗೆ ಒಂದು ಇಡೀ ಮಳೆಗಾಲ ಕಳೆದಿತ್ತು. ಅಷ್ಟೂ ಜೋಡಿಗಳು ಅಂಚಿಗೆ ಅಂಚು ತಾಗಿಕೊಂಡು, ಹರಟೆ ಮುಗಿಯದ ಗೆಳತಿಯರ ಹಾಗೆ ಕೂತಿದ್ದವು. ನಾನು ಪ್ರತಿಯೊಂದರ ನಡುವೆಯೂ ಉಗುರು ತೂರಿಸಲು ಹೋದೆ. ಎಲ್ಲಿಯೂ ಹೋಗಲಿಲ್ಲ.

ಮರುದಿನ ಬೆಳಗ್ಗೆ ಆಂಟಿ ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. "ಏಳಮ್ಮಾ ಸುಮಾ, ನಿನ್ ಹಾಲು ಬಿಸ್ಲಲ್ಲಿ ಒಡೀತಾ ಐತೆ." ಕಾರ್ಖಾನೆಯ ಬಸ್ಸು ಎಂದೋ ಹೋಗಿತ್ತು. ಬಚ್ಚಲಿಗೆ ಹೋಗಿ ಚಿಲಕ ಹಾಕಿದೆ. ಟಕ್ಕೆಂದು ತೂತಿಗೆ ಬಿತ್ತು. ಹಣೆಯ ಬೊಟ್ಟನ್ನು ಕಿತ್ತು ಗೋಡೆಗೆ ಒತ್ತುವಾಗ ಹೊಳೆಯಿತು: ಹಿಂದಿನ ರಾತ್ರಿ ಕನಸಿನ ಹೊಸ್ತಿಲಲ್ಲಿ ಕುರ್ಚಿಯ ಕಾಲು ಸಿಕ್ಕಿಕೊಂಡಿತ್ತೋ ಇಲ್ಲವೋ, ನಾನು ನೋಡಿಯೇ ಇರಲಿಲ್ಲ.